ಖಾಜಾಬಿಯ ಸೊಂಟದ ಎಲುಬು

ನಮ್ಮ ಸೂಡಿ ಊರಿನಲ್ಲಿ ಡಾಕ್ಟರರ ಮುಂದೆ ಧೈರ್ಯವಾಗಿ ಮಾತಾಡುವವಳು ನಾನೊಬ್ಬಳೇ ಎಂದು ಮೆರೆಯುತ್ತಿದ್ದೆ. ಅಂಗನವಾಡಿಯಲ್ಲಿ ಇಪ್ಪತ್ತು ವರ್ಷ ದುಡಿದವಳಲ್ಲವೇ? ಯಾರು ದವಾಖಾನೆಗೆ ಹೊರಟರೂ ಈ ಗೌರವ್ವ ಜೊತೆಗಿರಬೇಕು. ಅಲ್ಪವಿದ್ಯೆ ಮಹಾಗರ್ವ ಅನ್ನುವ ಮಾತು ನನ್ನಂಥವಳನ್ನು ನೋಡಿಯೇ ಹುಟ್ಟಿರಬೇಕು.

ಪಕ್ಕದ ಮನೆಯ ಖಾಜಾಬಿ ಬಳೆಗಾರ್ತಿ. ಗಂಡ ತೀರಿದ ಮೇಲೆ ಬಳೆಯ ಗಂಟು ಹೊತ್ತು ನರೇಗಲ್‌ವರೆಗೆ ತಿರುಗಿ ಮಗಳು ನಾಜಮೀನಳನ್ನು ಸಾಕಿ, ನರಗುಂದಕ್ಕೆ ಮದುವೆ ಮಾಡಿಕೊಟ್ಟಳು. ಎಂಥ ಒರಟು ಕೈಗೂ ನೋವಾಗದಂತೆ ಬಳೆ ಏರಿಸುತ್ತಿದ್ದಳು. 2006ರಲ್ಲಿ ಗಜೇಂದ್ರಗಡದಲ್ಲಿ ಬಸ್ಸಿನಿಂದ ಇಳಿಯುವಾಗ ಬಿದ್ದು ಬಲಗೈ ಮುರಿಯಿತು. ನಾಟಿ ವೈದ್ಯನ ಕಟ್ಟಿನಲ್ಲಿ ಅದು ಕೂಡಲಿಲ್ಲ. ಕೊನೆಗೆ ಹುಬ್ಬಳ್ಳಿಯಲ್ಲಿ ಸೊಂಟದ ಎಲುಬಿನ ಚೂರೊಂದನ್ನು ಕತ್ತರಿಸಿ ಕೈಗೆ ಕೂಡಿಸಿದರು. ಕೈ ಗಟ್ಟಿಯಾಯಿತು. ಮೊದಲ ಬಳೆ ನನಗೇ ತೊಡಿಸಿದಳು.

ಮರುವರ್ಷ ಸೊಂಟದ ಮೇಲೆ ನಿಂಬೆಹಣ್ಣಿನಷ್ಟು ಬಾವು ಕಾಣಿಸಿತು. ನಿಂತರೆ ಬರುತ್ತಿತ್ತು, ಮಲಗಿದರೆ ಮಾಯ. ಒತ್ತಿದರೆ ಗುಳುಗುಳು ಅನ್ನುತ್ತಿತ್ತು. ಬಳೆಯ ಗಂಟನ್ನು ಅಲ್ಲಿಗೇ ಒತ್ತಿ ಹಿಡಿದರೆ ಆರಾಮ ಎನ್ನುತ್ತ ಅವಳು ಊರೂರು ತಿರುಗುತ್ತಲೇ ಇದ್ದಳು. ನಾನೇ ಬೈದು ಒಬ್ಬ ಡಾಕ್ಟರರಲ್ಲಿಗೆ ಕರೆದೊಯ್ದೆ. ಹೊಟ್ಟೆಯ ಆಪರೇಷನ್ ಆಗಿದೆಯೇ ಎಂದು ಅವರು ಕೇಳಿದರು. ಖಾಜಾಬಿ ಬಾಯಿ ತೆರೆಯುವ ಮೊದಲೇ ನಾನು ನುಗ್ಗಿದೆ.

"ಹೊಟ್ಟಿದು ಏನೂ ಆಗಿಲ್ರಿ. ಕೈದಷ್ಟ ಆಗೇತಿ."

ನನ್ನ ನಾಲಿಗೆ ಸೇದಿಹೋಗಬೇಕಿತ್ತು. ಡಾಕ್ಟರರು ಸೀರೆಯ ಮೇಲಿಂದಲೇ ಒತ್ತಿ ನೋಡಿ, ಕೊಬ್ಬಿನ ಗಡ್ಡೆ, ನೋವಿಲ್ಲದಿದ್ದರೆ ಹಾಗೇ ಬಿಡಿ ಎಂದು ಕಳಿಸಿದರು. ಎಲುಬು ತೆಗೆದದ್ದನ್ನು ಹೇಳಬೇಕಿತ್ತೇನೋ ಎಂದು ಖಾಜಾಬಿ ದಾರಿಯಲ್ಲಿ ಅನುಮಾನಿಸಿದಳು. ಎಲುಬಿಗೂ ಹೊಟ್ಟೆಗೂ ಏನು ನಂಟು ಎಂದು ನಕ್ಕು ಬಾಯಿ ಮುಚ್ಚಿಸಿದೆ.

ಎರಡು ವರ್ಷದಲ್ಲಿ ಬಾವು ತೆಂಗಿನಕಾಯಿಯಷ್ಟಾಯಿತು. ಒಂದು ಮುಂಜಾನೆ ಅದು ಒಳಗೆ ಹೋಗಲಿಲ್ಲ. ಕಲ್ಲಿನಂತೆ ಬಿರುಸಾಗಿ, ಹಸಿರು ವಾಂತಿ ಶುರುವಾಯಿತು. ವಾಯು ಎಂದುಕೊಂಡು ಉಪ್ಪಿನ ಶಾಖ ಕೊಡುತ್ತ ಒಂದಿಡೀ ದಿನ ಕಳೆದು, ಆಮೇಲೆ ಗದಗಕ್ಕೆ ಒಯ್ದೆವು. ನಾಜಮೀನಳೂ ಓಡಿ ಬಂದಳು.

ಅಲ್ಲಿನ ಡಾಕ್ಟರರು ಸೊಂಟದ ಹಳೆಯ ಗಾಯದ ಕಲೆ ನೋಡುತ್ತಲೇ ತಲೆಯಾಡಿಸಿದರು. ಹೊಟ್ಟೆಯ ಸ್ನಾಯುಗಳು ಆ ಎಲುಬಿನ ಅಂಚಿಗೇ ಅಂಟಿಕೊಂಡಿರುತ್ತವಂತೆ. ಹೊರಸು ಮಂಚದ ಚೌಕಟ್ಟು ಮುರಿದರೆ ಹಗ್ಗ ಜೋತುಬೀಳುವಂತೆ, ಅಂಚು ಹೋದಲ್ಲಿ ಸ್ನಾಯು ಸಡಿಲಾಗಿ ಕರುಳು ಹೊರಗೆ ಜಾರುತ್ತದಂತೆ. ಅಪರೂಪ, ಆದರೆ ಮೊದಲೇ ಗೊತ್ತಾಗಿದ್ದರೆ ಹೊಲಿಯಬಹುದಿತ್ತು, ಈಗ ಕರುಳು ಕೊಳೆತಿರಬೇಕು ಎಂದರು. ಇಷ್ಟು ದಿನ ಯಾರಿಗೂ ಏಕೆ ತೋರಿಸಲಿಲ್ಲ ಎಂದು ಗದರಿದರು.

ಖಾಜಾಬಿ ನನ್ನತ್ತ ಒಮ್ಮೆ ನೋಡಿ, ಮಗಳಿಗೆ ಕೇಳುವಂತೆ ಹೇಳಿದಳು.

"ನಾನ ಮುಚ್ಚಿಟ್ಟಿದ್ದೆರಿ. ಗೌರಕ್ಕಗೂ ಹೇಳಿದ್ದಿಲ್ಲ."

ಆಪರೇಷನ್ನಿನಿಂದ ಅವಳು ಎದ್ದು ಬರಲಿಲ್ಲ.

ಮಣ್ಣು ಮಾಡಿ ಬಂದ ದಿನ ನಾಜಮೀನ ನನ್ನನ್ನು ತಬ್ಬಿಕೊಂಡು ಅತ್ತಳು. "ದೊಡ್ಡವ್ವ, ನಿನಗ ಗೊತ್ತಿದ್ರ ನಮ್ಮವ್ವನ್ನ ಸಾಯಾಕ ಬಿಡತಿದ್ದಿಲ್ಲ."

ಹೌದವ್ವ, ಬಿಡುತ್ತಿರಲಿಲ್ಲ ಎಂದೆ.