ಮಾವನ ಏಕಾದಶಿ ತಾಟು

ಗೆಳೆಯರೇ, ಇವತ್ತು ಏಕಾದಶಿ. ಅಲಖನೂರಿನ ನಮ್ಮ ಸೋದರಮಾವನಿಗೆ ಸಕ್ಕರೆ ಕಾಯಿಲೆ. ಆದರೂ ಉಪವಾಸ ಬಿಡುವವರಲ್ಲ. ಅವರ ಉಪವಾಸವೆಂದರೆ ತಾಟಿನ ತುಂಬ ಸಾಬುದಾನಿ ಖಿಚಡಿ. ಇವತ್ತು ಅದಕ್ಕೆ ಕೈ ಹಾಕುವಷ್ಟರಲ್ಲಿ, ಚಿಕ್ಕೋಡಿಯಲ್ಲಿ ಕಾಲೇಜು ಓದುವ ಮಗಳು ಸುಜಾತಾ ತಾಟನ್ನೇ ಸರಿಸಿದಳು. ಅವಳೂ ಗೆಳತಿ ರೇಷ್ಮಾಳೂ ಬೆಳಗಿನಿಂದ ಫೋನು ಹಿಡಿದು ಕೂತಿದ್ದರು.

“ಅಪ್ಪಾ, ಇದರಾಗ ಬರೇ ಕಾರ್ಬೋಹೈಡ್ರೇಟ್ ಐತಿ. ಉಂಡ ಕೂಡ್ಲೆ ನಿನ್ನ ಶುಗರ್ ಏರತೈತಿ.”

“ದೇವರ ಉಪವಾಸ ಮುರಿ ಅಂತೈತೇನ ಬೇ ನಿನ್ನ ಫೋನು?”

“ಮುರೀಬ್ಯಾಡ್ರಿ ಕಾಕಾ,” ಎಂದಳು ರೇಷ್ಮಾ ಫೋನು ನೋಡುತ್ತಲೇ. “ವರಿ ಅಕ್ಕಿ ಉಣ್ರಿ, ಸಿರಿಧಾನ್ಯ ಅದು. ಅದೂ ಉಪವಾಸಕ್ಕ ನಡೀತೈತಂತ. ಅದರಾಗ ನಾರಿನ ಅಂಶ ಐತಿ. ಆದ್ರ ಒಂದ ಬಟ್ಟಲ ಅಷ್ಟ.”

ಮಾವ ಹೆಂಡತಿಯ ಮುಖ ನೋಡಿದರು.

“ನಡೀತೈತ್ರಿ, ನಮ್ಮವ್ವ ಅದನ್ನ ಉಣ್ಣಾಕಿ,” ಎಂದು ಅತ್ತೆ ಒಲೆ ಹೊತ್ತಿಸಿದರು.

ಮಾವ ಒಂದು ಬಟ್ಟಲು ವರಿ ಅನ್ನ, ಮೊಸರು ಉಂಡರು. ಆಮೇಲೆ ಮಷಿನ್ನಿನಲ್ಲಿ ರಕ್ತ ನೋಡಿದರೆ, ಹೋದ ಏಕಾದಶಿಗಿಂತ ಸಕ್ಕರೆ ಎಷ್ಟೋ ಕಡಿಮೆ ಇತ್ತು. ಹುಡುಗಿಯರು ಕುಸ್ತಿ ಗೆದ್ದವರಂತೆ ಅಂಗಳದಲ್ಲಿ ತಿರುಗಾಡಿದರು.

“ಗೆದ್ದೀರಿ ಬಿಡ್ರವಾ,” ಎಂದರು ಮಾವ. “ಇನ್ನ ಚಹಾದ್ದೇನೂ ಹುಡುಕಬ್ಯಾಡ್ರಿ.”

ಅಷ್ಟರಲ್ಲಿ ಅತ್ತೆ ಅದನ್ನೂ ಹುಡುಕಿಸಿಯಾಗಿತ್ತು.