ಫೋನಿನಲ್ಲಿ ಹೇಳದ ರಿಪೋರ್ಟ್

ಕೊರೊನಾ ಹಿಂದೆ ಸರಿದ ಮರುವರ್ಷ. ಸವದತ್ತಿಯಲ್ಲಿ ನಾನು ಹಲ್ಲಿನ ದವಾಖಾನೆ ತೆರೆದು ಆಗ ಹದಿನೆಂಟು ವರ್ಷವಾಗಿತ್ತು. ಊರವರ ಬಾಯಿ ತೆರೆಸುವುದೇ ನನ್ನ ಹೊಟ್ಟೆಪಾಡು. ನಾನೇ ಬಾಯಿ ಬಿಡಬೇಕಾಗಿದ್ದ ಒಂದು ದಿನ ಬಿಡಲಿಲ್ಲ.

ಜನವರಿಯ ಕೊನೆಗೆ ಹೂಲಿಯಿಂದ ನೀಲವ್ವ ಬಂದಳು. ನನ್ನದೇ ವಯಸ್ಸಿನವಳು, ನಲವತ್ತಾರು, ಗಂಡ ತೀರಿಕೊಂಡಿದ್ದ. ಜೊತೆಗೆ ಒಬ್ಬಳೇ ಮಗಳು ಸಾವಿತ್ರಿ. ಹದಿನೆಂಟು ತುಂಬಿದ ಹುಡುಗಿ, ಪಿಯುಸಿ ಎರಡನೇ ವರ್ಷ, ಮುಂದೆ ನರ್ಸಿಂಗ್ ಓದುವ ಆಸೆ. ಪರೀಕ್ಷೆಗೆ ಆರು ವಾರ ಉಳಿದಿತ್ತು.

ನೀಲವ್ವನ ಗದ್ದದ ಮೇಲೆ ಬಾವು ಇತ್ತು, ನೋವಿರಲಿಲ್ಲ. ಕೆಳಗಿನ ಮುಂದಿನ ಹಲ್ಲುಗಳು ಅಲುಗಾಡುತ್ತಿದ್ದವು. ಎಕ್ಸ್-ರೇಯಲ್ಲಿ ದವಡೆಯ ಮೂಳೆಯೊಳಗೆ ಸಾಬೂನಿನ ನೊರೆಯಂಥ ಕಪ್ಪು ಗೂಡುಗಳು, ಅಡ್ಡಕ್ಕೆ ನಾಲ್ಕು ಸೆಂಟಿಮೀಟರ್. ನೋಡಿದರೆ ಸಿಸ್ಟ್, ಎಂದರೆ ನೀರು ತುಂಬಿದ ಚೀಲ. ಸಾಮಾನ್ಯವಾಗಿ ಅದು ಸತ್ತ ಹಲ್ಲಿನ ಬೇರಿಗೆ ಅಂಟಿಕೊಂಡಿರುತ್ತದೆ. ಇಲ್ಲಿ ಹಲ್ಲುಗಳಿಗೆ ಜೀವವಿತ್ತು. ಗ್ಲಾಂಡುಲರ್ ಒಡಾಂಟೋಜೆನಿಕ್ ಸಿಸ್ಟ್ ಇರಬಹುದೆಂದು ನನಗೆ ಅನುಮಾನ ಬಂತು. ತೀರಾ ಅಪರೂಪದ್ದು, ಜೀವಕ್ಕೆ ಅಪಾಯವಿಲ್ಲ. ಆದರೆ ದವಡೆಯ ಒಂದು ಬಗೆಯ ಕ್ಯಾನ್ಸರ್ ಸೂಕ್ಷ್ಮದರ್ಶಕದಡಿಯಲ್ಲೂ ಹೆಚ್ಚುಕಡಿಮೆ ಹೀಗೇ ಕಾಣುತ್ತದೆ. ಹಾಗಾಗಿ ಚೂರು ತೆಗೆದು ಧಾರವಾಡದ ಲ್ಯಾಬಿಗೆ ಬಯಾಪ್ಸಿಗೆ ಕಳಿಸಿದೆ.

"ಕೆಟ್ಟ ಬ್ಯಾನಿ ಏನ್ರಿ ಡಾಕ್ಟರಬಾಯಿ? ನಾ ಇಲ್ಲಂದ್ರ ಇಕಿಗೆ ಯಾರೂ ಇಲ್ರಿ," ಎಂದಳು ನೀಲವ್ವ.

"ರಿಪೋರ್ಟ್ ಬರೂತನಕ ಏನೂ ಹೇಳಾಕ ಬರಂಗಿಲ್ಲ," ಎಂದೆ. ಅಷ್ಟರ ಮಟ್ಟಿಗೆ ನಾನು ಹೇಳಿದ್ದು ಸರಿಯಾಗಿಯೇ ಇತ್ತು.

ಲ್ಯಾಬಿನವರು ಎರಡನೇ ಸಲ ಸ್ಲೈಡ್ ಮಾಡಿ ನೋಡಿದ್ದರಿಂದ ಮೂರು ವಾರ ಹಿಡಿಯಿತು. ಒಂದು ಗುರುವಾರ ಬೆಳಿಗ್ಗೆ ರಿಪೋರ್ಟ್ ಬಂತು. ಅದೇ ಸಿಸ್ಟ್, ಕ್ಯಾನ್ಸರ್ ಅಲ್ಲ. ನಾನು ಕಂಡ ಮೊದಲನೆಯದು. ಹೆಮ್ಮೆ ತಡೆಯಲಾರದೆ ರೋಗಿಯ ಹೆಸರು ಮರೆಮಾಡಿ ಎಕ್ಸ್-ರೇಯನ್ನು ಸಹಪಾಠಿಗಳ ವಾಟ್ಸಾಪ್ ಗುಂಪಿಗೆ ಹಾಕಿದೆ. ಶಹಬ್ಬಾಸ್‌ಗಿರಿ ಬಂತು.

ಮಧ್ಯಾಹ್ನ ಸಾವಿತ್ರಿಯ ಫೋನ್. "ಡಾಕ್ಟ್ರ, ಅವ್ವನ ರಿಪೋರ್ಟ್ ಬಂತೇನ್ರಿ?"

ಕುರ್ಚಿಯಲ್ಲಿ ಬೇರೊಬ್ಬರು ಬಾಯಿ ತೆರೆದು ಮಲಗಿದ್ದರು. ರಿಪೋರ್ಟನ್ನು ಎದುರಿಗೆ ಕೂರಿಸಿಕೊಂಡೇ ಹೇಳಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. "ಅದನ್ನ ಫೋನ್ ಮ್ಯಾಲ ಹೇಳೂದಲ್ಲವಾ. ಸೋಮವಾರ ಅವ್ವನ್ನ ಕರ್ಕೊಂಡು ಬಾ," ಎಂದು ಇಟ್ಟುಬಿಟ್ಟೆ.

ಸೋಮವಾರ ಇಬ್ಬರೂ ಬಂದರು. ಸಾವಿತ್ರಿಯ ಕೈತುಂಬ ಹಸಿರು ಬಳೆ, ಕೊರಳಲ್ಲಿ ತಾಳಿ. ನಾನು ಕಣ್ಣುಕಣ್ಣು ಬಿಟ್ಟೆ.

ನೀಲವ್ವನೇ ಹೇಳಿದಳು: "ನಿನ್ನೆ ರಾಮದುರ್ಗದಾಗ ಅಕ್ಕಿಕಾಳ ಹಾಕಿದ್ವಿರಿ, ನಮ್ಮ ತಮ್ಮನ ಮಗಗ. ಇವರಪ್ಪನ ರಿಪೋರ್ಟ್ ಬಂದಾಗೂ ಫೋನ್ ಮ್ಯಾಲ ಹೇಳೂದಲ್ಲ ಅಂದಿದ್ರು. ಮೂರು ತಿಂಗಳಿಗೆ ಹೋದ್ರು. ನನ್ನ ಕಣ್ಣ ಮುಂದ ಇಕಿದೊಂದು ಮುಗೀಲಿ ಅಂತ ಮಾಡಿದ್ವಿರಿ."

ಕ್ಯಾನ್ಸರ್ ಅಲ್ಲ ಎಂದು ಹೇಳಿದೆ. ನೀಲವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಸಾವಿತ್ರಿ ಬಳೆ ಸರಿಸುತ್ತ ಕುಳಿತಿದ್ದಳು. ಪರೀಕ್ಷೆಯ ಬಗ್ಗೆ ಕೇಳಿದೆ.

"ಅವರ ಮನ್ಯಾಗ ಇನ್ನ ಸಾಲಿ ಸಾಕು ಅಂದಾರ್ರಿ," ಎಂದಳು.

ಹತ್ತು ದಿನದ ನಂತರ ಧಾರವಾಡದಲ್ಲಿ ದವಡೆಯ ಸರ್ಜನ್ ಒಬ್ಬರು ಶಸ್ತ್ರಕ್ರಿಯೆ ಮಾಡಿದರು, ನಾನೂ ಜೊತೆಗಿದ್ದೆ. ಚೀಲವನ್ನು ಹರಿಯದಂತೆ ಬಿಡಿಸಿ, ಸುತ್ತಲಿನ ಮೂಳೆಯನ್ನೂ ಕೆರೆದು ತೆಗೆದರು. ಈ ಸಿಸ್ಟ್ ಚೂರು ಉಳಿದರೂ ಮತ್ತೆ ಬೆಳೆಯುತ್ತದೆ. ಮೂರು ಹಲ್ಲು ಹೋದವು. ಹೊಲಿಗೆಯೆಲ್ಲ ಬಾಯೊಳಗೇ, ಮುಖದ ಮೇಲೆ ಗೆರೆಯೂ ಇಲ್ಲ.

ವರ್ಷದ ತಪಾಸಣೆಗೆ ಸಾವಿತ್ರಿಯೇ ತಾಯಿಯನ್ನು ಕರೆತಂದಳು, ಬಗಲಲ್ಲಿ ಕೂಸು. ಎಕ್ಸ್-ರೇಯಲ್ಲಿ ಮೂಳೆ ತುಂಬಿಕೊಂಡಿತ್ತು. ನೀಲವ್ವ ಮೊಮ್ಮಗುವನ್ನು ಎತ್ತಿಕೊಂಡು ಹೊರಗೆ ಹೋದಾಗ, ಸಾವಿತ್ರಿ ಫೈಲಿನಲ್ಲಿದ್ದ ಹಳೆಯ ರಿಪೋರ್ಟ್ ತೆಗೆದು ತಾರೀಖಿನ ಮೇಲೆ ಬೆರಳಿಟ್ಟಳು.

"ಡಾಕ್ಟ್ರ, ನಾ ಫೋನ್ ಮಾಡಿದಾಗ ಇದು ನಿಮ್ಮ ಕೈಯಾಗ ಇತ್ತೇನ್ರಿ?"

"ಇತ್ತವಾ."

ಅವಳು ಕಾಗದವನ್ನು ಮೊದಲಿನಂತೆಯೇ ಮಡಚಿ ಇಟ್ಟಳು. "ಅವ್ವಗ ಹೇಳಬ್ಯಾಡ್ರಿ. ಅಕಿ ತಡಕೊಳ್ಳಂಗಿಲ್ಲ." ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ಸುದ್ದಿ ಒಳ್ಳೆಯದಿದ್ದರೆ ನಾಲ್ಕು ದಿನ ತಡವಾದರೂ ನಡೆದೀತು ಎಂದುಕೊಂಡಿದ್ದೆ. ಕಾಯುವವರ ಮನೆಯಲ್ಲಿ ನಾಲ್ಕು ದಿನಕ್ಕೆ ಏನೇನೋ ಆಗಿಹೋಗುತ್ತದೆ ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಈಗ ರಿಪೋರ್ಟ್ ಬಂದ ಕೂಡಲೇ ಕೈಯಲ್ಲಿದ್ದದ್ದು ಕೆಳಗಿಟ್ಟು ನಾನೇ ಫೋನ್ ಮಾಡುತ್ತೇನೆ.

ನೀಲವ್ವ ವರ್ಷಕ್ಕೊಮ್ಮೆ ಬರುತ್ತಾಳೆ. ಸಿಸ್ಟ್ ಮರಳಿಲ್ಲ. ಹೋಗುವಾಗ ನನ್ನ ಎರಡೂ ಕೈ ಹಿಡಿದು, "ನನ್ನ ಜೀವಾ ಉಳಿಸಿದವ್ರು ನೀವ ನೋಡ್ರಿ," ಎನ್ನುತ್ತಾಳೆ. ಸಾವಿತ್ರಿಗೆ ಕೊಟ್ಟ ಮಾತಿದೆ. ನಾನು ಹೂಂ ಎನ್ನುತ್ತೇನೆ.