ಎಡಗಾಲಿನ ಸುತ್ತು

ನಮ್ಮ ಅಪ್ಪಯ್ಯನಿಗೆ ಹೆಮ್ಮೆಯಿದ್ದದ್ದು ಎರಡೇ ವಿಷಯಕ್ಕೆ. ಒಂದು ತಮ್ಮ ಮೀಸೆ, ಇನ್ನೊಂದು ತಾವು ಹಾಕಿಸಿದ ಸಿಮೆಂಟು ಕಣ. ಕೊಟ್ಟಿಗೆಹಾರದ ಆಸುಪಾಸಿನಲ್ಲಿ ನಮ್ಮಂಥವರೆಲ್ಲ ಸಗಣಿ ಸಾರಿಸಿದ ಮಣ್ಣಿನ ಕಣದಲ್ಲೇ ಕಾಫಿ ಒಣಗಿಸುತ್ತಿದ್ದ ಕಾಲ ಅದು. ನೆಂಟರು ಬಂದರೆ ಕುಡಿಯಲು ಕೊಡುವ ಮೊದಲು ಅಪ್ಪಯ್ಯ ಅವರನ್ನು ಕಣಕ್ಕೆ ಕರೆದುಕೊಂಡು ಹೋಗಿ, ಬಗ್ಗಿ ಮುಟ್ಟಿ ನೋಡಲು ಹೇಳುತ್ತಿದ್ದರು. ಆ ಕಣವನ್ನು ನನ್ನಷ್ಟು ಸಲ ಮುಟ್ಟಿ ನೋಡಿದವರು ಯಾರೂ ಇಲ್ಲ. ಅದೂ ಬೆನ್ನಿನಿಂದ.

ಮಲ್ಲಂದೂರಿನ ಕಡೆಯ ಒಬ್ಬ ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ ಅಪ್ಪಯ್ಯ ಅವನ ಹಳೇ ಪಲ್ಪರ್ ಕೊಂಡು ತಂದರು. ಹಣ್ಣಿನ ಸಿಪ್ಪೆ ತೆಗೆಯುವ ಆ ಯಂತ್ರದ ಜೊತೆಗೆ ಒಂದು ಪೆಟ್ಟಿಗೆಯೂ ಬಂತು. ಅದರಲ್ಲಿ ಬಾರು ಕಟ್ಟಿದ ಎರಡು ಕಬ್ಬಿಣದ ತಟ್ಟೆ, ಒಂದೊಂದಕ್ಕೆ ನಾಲ್ಕು ನಾಲ್ಕು ಚಕ್ರ. ಅಪ್ಪಯ್ಯ ಎರಡು ದಿನ ಇವು ಪಲ್ಪರಿನಲ್ಲಿ ಎಲ್ಲಿ ಕೂರುತ್ತವೆ ಎಂದು ಹುಡುಕಿ, ಸಿಗದೆ, ದೊರೆಯನ್ನು ಬೈದರು. ಅದು ಕಾಲಿಗೆ ಕಟ್ಟಿಕೊಂಡು ಜಾರುವ ಸ್ಕೇಟು ಎಂಬುದು ಗೊತ್ತಿದ್ದವನು ಮನೆಯಲ್ಲಿ ನಾನೊಬ್ಬನೇ. ಮೈಸೂರಿಗೆ ಓದಲು ಹೋಗಿ, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ಬಂದಿದ್ದೆನಲ್ಲ, ಅಲ್ಲಿ ಕಲಿತದ್ದು ಇಷ್ಟು.

ಕಾಫಿಯ ಕೊನೆಯ ಚೀಲ ಗಾಡಿ ಹತ್ತಿದ ಮೇಲೆ, ಶಿವರಾತ್ರಿಯಿಂದ ಮಳೆ ಹಿಡಿಯುವವರೆಗೆ ಕಣ ಖಾಲಿ. ಮೊದಲನೇ ವರ್ಷ ನಾನೇ ಬಿದ್ದು ಎದ್ದು ಕಲಿತೆ. ಎರಡು ತಿಂಗಳಲ್ಲಿ ಓಡಿ ಬಂದು, ಭುಜ ಬೀಸಿ, ಬಲಗಾಲಿನ ಮೇಲೆ ಬುಗುರಿಯ ಹಾಗೆ ಏಳೆಂಟು ಸುತ್ತು ತಿರುಗುವಷ್ಟಾದೆ. ಕಳೆ ಕೀಳಲು ಹೋಗುವ ಹೆಂಗಸರು ನಿಂತು ನೋಡುತ್ತಿದ್ದರು. ಅಪ್ಪಯ್ಯ ನೆಂಟರಿಗೆ ಕಣ ತೋರಿಸಿದ ಮೇಲೆ ನನ್ನನ್ನೂ ತೋರಿಸತೊಡಗಿದರು. ಮೀಸೆ, ಕಣ, ಮೂರನೆಯದು ನಾನು. ನೆಲದ ಮೇಲೆ ನಡೆಯುವವರನ್ನು ಕಂಡರೆ ಅಯ್ಯೋ ಪಾಪ ಅನ್ನಿಸುವಷ್ಟು ಕೊಬ್ಬು ನನಗೆ ಬಂದಿತ್ತು.

ಆ ಕೊಬ್ಬು ಇಳಿಸಿದವರು ಕೊಟ್ಟಿಗೆಹಾರದಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ ಸಾಬರು. ಎರಡನೇ ವರ್ಷದ ಶಿವರಾತ್ರಿ ಕಳೆದ ಮೇಲೆ ಪಲ್ಪರ್ ನೋಡಲು ಬಂದಿದ್ದರು. ಹರೆಯದಲ್ಲಿ ಅವರು ಬೊಂಬಾಯಿಯ ಒಂದು ಸ್ಕೇಟಿಂಗ್ ಹಾಲಿನಲ್ಲಿ ಚಕ್ರ ಜೋಡಿಸುವ ಕೆಲಸದಲ್ಲಿದ್ದರಂತೆ. ನಾನು ಬುಗುರಿ ತಿರುಗಿ, ಕೈ ಚಾಚಿ, ಚಪ್ಪಾಳೆಗೆ ಕಾಯುತ್ತಾ ನಿಂತೆ. ಸಾಬರು ಬೀಡಿ ಹಚ್ಚಿದರು.

"ಇದು ಸ್ಕೇಟಿಂಗ್ ಅಲ್ಲ ಮಾರಾಯ್ರೆ. ಬೀಳೋದನ್ನ ಸ್ವಲ್ಪ ತಡ ಮಾಡ್ತಾ ಇದೀರಿ, ಅಷ್ಟೇ."

ನನಗೆ ಮೈಯೆಲ್ಲ ಉರಿಯಿತು. "ಹಂಗಾದ್ರೆ ಎಂತ ಮಾಡ್ಬೇಕು?" ಎಂದೆ.

"ಎಡಗಾಲಲ್ಲಿ ಒಂದು ಸುತ್ತು ಹೋಗಿ ನೋಡಾಣ."

ಹೋಗಲಾಗಲಿಲ್ಲ. ಮೂರು ಮಾರು ಹೋಗುವಷ್ಟರಲ್ಲಿ ಬಲಗಾಲು ತಾನಾಗಿ ನೆಲಕ್ಕೆ ಬಂತು. ಸಾಬರು ತಲೆಯಾಡಿಸಿ, "ನಿಮ್ಮ ಎಡಗಾಲು ಮಾವನ ಮನೆಗೆ ಬಂದ ಅಳಿಯ ಇದ್ದಂಗೆ. ಕೂತು ತಿನ್ತದೆ, ಕೆಲಸಕ್ಕೆ ಕರೆದ್ರೆ ಇಲ್ಲ. ಕಲ್ತಿದ್ದೆಲ್ಲ ಬಿಟ್ಟು ಮೊದ್ಲಿಂದ ಶುರು ಮಾಡಿ" ಎಂದರು. ನೆಲಕ್ಕೆ ಒಂದು ಮೊಳೆ ಒತ್ತಿ ಹಿಡಿದು, ಅದಕ್ಕೆ ಹಗ್ಗ ಕಟ್ಟಿ, ಇದ್ದಿಲಿನಿಂದ ಒಂದಕ್ಕೊಂದು ತಾಗಿದ ಎರಡು ದೊಡ್ಡ ಸುತ್ತು ಬರೆದರು. ಒಂದು ಸುತ್ತು ಪೂರ್ತಿ ಬಲಗಾಲಿನಲ್ಲಿ, ಇನ್ನೊಂದು ಪೂರ್ತಿ ಎಡಗಾಲಿನಲ್ಲಿ. ಭುಜ ಅಲ್ಲಾಡಬಾರದು, ಮಂಡಿ ಮಡಿಸಿರಬೇಕು, ಚಕ್ರ ಗೆರೆ ಬಿಡಬಾರದು. ಆಮೇಲೆ ಬುಗುರಿ ಗಿಗುರಿ ಎಲ್ಲ ತಾನಾಗಿ ಬರುತ್ತದೆ ಎಂದು ಹೇಳಿ ಹೋದರು.

ಹೋದ ವರ್ಷ ಹಾರುತ್ತಿದ್ದವನು ಈ ವರ್ಷ ತೆವಳತೊಡಗಿದೆ. ದಿನಾ ಬೆಳಿಗ್ಗೆ ಬಲಗಾಲಿನ ಸುತ್ತು ಮುಗಿಸಿ, ಎಡಗಾಲಿಗೆ ಬದಲಿಸಿ, ಅರ್ಧಕ್ಕೆ ದೊಪ್ಪನೆ ಬೀಳುತ್ತಿದ್ದೆ. ಸೊಂಟದ ಒಂದು ಮಗ್ಗುಲು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಕಣ ಗುಡಿಸುವ ಮುದುಕಿ, "ಸಣ್ಣಯ್ಯಂಗೆ ಹೋದ್ವರ್ಷ ಬರ್ತಿತ್ತಲ್ಲ, ಯಾರದ್ದಾದ್ರೂ ಕಣ್ಣು ತಾಗ್ತಾ?" ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅಪ್ಪಯ್ಯ ಕಂಬಕ್ಕೆ ಒರಗಿ ನಿಂತು ನೋಡಿ, "ಕಣ ಏನು ಡೊಂಕಾಗಿದ್ಯೇನೋ?" ಎಂದರು. ಕುಣಿಯಲಾರದವಳ ಗಾದೆ ನೆನಪಿಸುವುದಕ್ಕೆ ಅಷ್ಟು ಸಾಕಿತ್ತು.

ಅದರ ಮೇಲೆ ನಾನೊಂದು ಘನಕಾರ್ಯ ಮಾಡಿದೆ. ಎಡಗಾಲಿನ ಚಕ್ರ ಬಿಗಿಯಾಗಿದೆ, ತಪ್ಪೆಲ್ಲ ಅದರದ್ದೇ ಎಂದು ತೀರ್ಮಾನಿಸಿ, ಅವ್ವನ ಹರಳೆಣ್ಣೆ ಸುರಿದೆ. ಚಕ್ರ ತಿರುಗಿತೋ ಇಲ್ಲವೋ, ಎಣ್ಣೆ ಕಣದ ತುಂಬ ಪಟ್ಟೆ ಬಳಿಯಿತು. ಕಾಫಿ ಬೆಳೆಯುವ ಮನೆಯಲ್ಲಿ ಹುಟ್ಟಿದವನು ಮಾಡಬಾರದ ಕೆಲಸ ಅದು. ಒಣಗುವ ಬೀಜ ಪಕ್ಕದಲ್ಲಿದ್ದ ವಾಸನೆಯನ್ನೆಲ್ಲ ಹೀರುತ್ತದೆ. ಹರಳೆಣ್ಣೆ ನಾರುವ ಕಾಫಿಯನ್ನು ಯಾರು ಕುಡಿದಾರು? ಅಪ್ಪಯ್ಯ ನನ್ನ ಕೈಗೆ ಬೂದಿ, ಸೀಗೆಪುಡಿ, ತೆಂಗಿನ ಸಿಪ್ಪೆ ಕೊಟ್ಟರು. ಮೂರು ದಿನ ಮಂಡಿಯೂರಿ ತಿಕ್ಕಿದೆ. ಮೂರನೆಯ ಸಂಜೆ ಅವರು ಬಗ್ಗಿ ಕಣ ಮೂಸಿ ನೋಡಿ ಹೇಳಿದರು:

"ಯುಗಾದಿವರೆಗೆ ನೋಡ್ತೀನಿ. ಅಷ್ಟರಲ್ಲಿ ಕಣ್ಣಿಗೆ ಕಾಣೋವಂಥದ್ದು ಏನಾದ್ರೂ ಮಾಡಿದ್ಯೋ ಸರಿ. ಇಲ್ಲದಿದ್ರೆ ಸಂಸೆಗೆ ಹೋಗಿ ನಿನ್ನ ಸೋದರಮಾವನ ತೋಟದಲ್ಲಿ ರೈಟರ್ ಆಗು."

ರೈಟರ್ ಎಂದರೆ ಆಳುಗಳ ಹಾಜರಿ ಬರೆಯುವವನು. ಮಾವನ ಕಣ ಮಣ್ಣಿನದು. ಅಲ್ಲಿ ಈ ಚಕ್ರ ಒಂದು ಗೇಣೂ ಉರುಳುವುದಿಲ್ಲ. ಸಂಸೆಗೆ ಹೋದೆನೆಂದರೆ ಸ್ಕೇಟಿನ ಕಥೆ ಮುಗಿದಂತೆ. ಅಷ್ಟು ದಿನ ಗೊತ್ತಾಗದ್ದು ಅವತ್ತು ಗೊತ್ತಾಯಿತು: ಚಪ್ಪಾಳೆ ಹಾಳಾಗಲಿ, ಆ ಎರಡನೇ ಸುತ್ತು ಮುಗಿಸದೆ ನನಗೆ ಬದುಕಲಾಗುತ್ತಿರಲಿಲ್ಲ.

ಯುಗಾದಿಗೆ ಮಾವ ಬಂದರು. ಊಟ ಮುಗಿಸಿ ಅಪ್ಪಯ್ಯ ಕಣದ ಅಂಚಿಗೆ ಕುರ್ಚಿ ಹಾಕಿಸಿದರು. ನಾನು ಹೊಸದಾಗಿ ಬರೆದುಕೊಂಡಿದ್ದ ಇದ್ದಿಲ ಗೆರೆಯ ಮೇಲೆ ಹೊರಟೆ. ಬಲಗಾಲು ನೀಟಾಗಿ ಸುತ್ತಿ ಬಂತು. ಎಡಗಾಲು ಅರ್ಧಕ್ಕೆ ಹೋಗಿ ನಡುಗಿತು, ನಾನು ಕುಂಡೆಯ ಮೇಲೆ ಕೂತೆ. ಎರಡನೇ ಸಲವೂ ಹಾಗೆಯೇ. "ಇದೆಂತದು ಮಾರಾಯ, ಗಾಣದ ಎತ್ತಿನಂಗೆ! ಹೋದ್ವರ್ಷ ಚೆಂದ ತಿರುಗ್ತಿದ್ಯಲ್ಲ" ಎಂದರು ಮಾವ. ಅಪ್ಪಯ್ಯ ತಗ್ಗಿದ ದನಿಯಲ್ಲಿ, "ಅದನ್ನೇ ಮಾಡೋ, ಬುಗುರಿ" ಎಂದರು. ಅದು ಅಪ್ಪಣೆಯಾಗಿರಲಿಲ್ಲ, ಬೇಡಿಕೆಯಾಗಿತ್ತು. ಸಾಬರ ಪಾಠವೆಲ್ಲ ಗಾಳಿಗೆ ತೂರಿ ಓಡಿ ಬಂದು ಭುಜ ಬೀಸಿದೆ. ಭುಜ ಬೀಸಲಿಲ್ಲ! ಒಂದು ತಿಂಗಳು ಅಲ್ಲಾಡಬೇಡ ಎಂದು ಪಳಗಿಸಿದ ಭುಜ ನನ್ನ ಮಾತು ಕೇಳುವುದನ್ನೇ ಬಿಟ್ಟಿತ್ತು. ಹಳೆಯದು ಹೋಗಿತ್ತು, ಹೊಸದು ಬಂದಿರಲಿಲ್ಲ. ಚಕ್ರಗಳನ್ನು ಆಕಾಶಕ್ಕೆ ತೋರಿಸಿ ಅಂಗಾತ ಬಿದ್ದೆ. ಮಾವ ಕೆಮ್ಮು ಬರುವವರೆಗೆ ನಕ್ಕರು. ಅಪ್ಪಯ್ಯ ಎದ್ದು ಒಳಗೆ ಹೋದರು. ನನಗೆ ಅಳು ಬಂತು, ಬಿದ್ದ ನೋವಿಗಲ್ಲ.

ಮಾರನೆಯ ಬೆಳಿಗ್ಗೆ ಕಳಸದ ಕಡೆಯ ಬಸ್ಸಿನಲ್ಲಿ ಸಂಸೆಗೆ ಹೊರಡುವುದೆಂದಾಯಿತು. ದಿನಕ್ಕೆ ಇದ್ದದ್ದು ಅದೊಂದೇ. ಸೀಟು ಹಿಡಿಯಲು ಮಾವ ನನ್ನ ಬಟ್ಟೆಬರೆಯೆಲ್ಲ ತುಂಬಿದ್ದ ಟ್ರಂಕನ್ನು ಆಳಿನ ತಲೆ ಮೇಲಿಟ್ಟು ಮುಂಚೆಯೇ ನಡೆದರು. ನಾನು ಸ್ಕೇಟುಗಳನ್ನು ಪೆಟ್ಟಿಗೆಗೆ ಹಾಕುವ ಮೊದಲು ಕೊನೆಯದಾಗಿ ಒಮ್ಮೆ ಕಟ್ಟಿಕೊಂಡೆ. ನೋಡುವವರು ಯಾರೂ ಇರಲಿಲ್ಲ, ಗೆಲ್ಲುವುದೂ ಏನಿರಲಿಲ್ಲ. ಬಲಗಾಲು ಸುತ್ತಿತು. ಎಡಗಾಲಿಗೆ ಬದಲಿಸಿದೆ. ಅರ್ಧ ದಾಟಿತು, ಮುಕ್ಕಾಲು ದಾಟಿತು, ಹೊರಟ ಜಾಗಕ್ಕೇ ಬಂದು ನಿಂತಿತು. ನಂಬಿಕೆ ಬರದೆ ಇನ್ನೊಮ್ಮೆ ಹೋದೆ. ಆಮೇಲೆ ಇನ್ನೊಮ್ಮೆ. ಎಷ್ಟು ಸಲ ಹೋದೆನೋ, ಬಸ್ಸಿನ ಹಾರನ್ ಕೇಳಿದಾಗ ಅದು ಘಾಟಿ ರಸ್ತೆಯ ತಿರುವು ದಾಟಿಯಾಗಿತ್ತು. ಅದರೊಳಗೆ ಮಾವ ಇದ್ದರು, ನನ್ನ ಟ್ರಂಕಿತ್ತು.

"ಬಸ್ಸು ಹೋಯ್ತಲ್ಲೋ ದರಿದ್ರದವನೇ!" ಅಪ್ಪಯ್ಯ ಹಲ್ಲುಜ್ಜುತ್ತಿದ್ದವರು ಹಾಗೇ ಓಡಿ ಬಂದರು. ನಾನು ಮತ್ತೆ ಹೊರಟೆ. ಬಲಗಾಲು ಮುಗಿಯಿತು. ಎಡಗಾಲು ಮುಕ್ಕಾಲು ಸುತ್ತು ಹೋಯಿತು. ಅಲ್ಲಿ ಅವರ ಮುಖ ನೋಡಿಬಿಟ್ಟೆ, ಬಿದ್ದೆ.

ಅಪ್ಪಯ್ಯ ಬಾಯಿಯ ಇದ್ದಿಲುಪುಡಿ ಉಗುಳಿ, ಗೆರೆಯ ಹತ್ತಿರ ಬಂದು, ನಾನು ಎಲ್ಲಿಯವರೆಗೆ ಹೋಗಿದ್ದೆ ಎಂದು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಬಸ್ಸು ನಾಳೇನೂ ಇರ್ತದೆ ಬಿಡು" ಎಂದರು.

ಆ ವರ್ಷ ಮಳೆ ಹಿಡಿಯುವವರೆಗೂ ನಾನು ಉಟ್ಟದ್ದು ಅಪ್ಪಯ್ಯನ ಪಂಚೆಗಳನ್ನೇ.